ಅರೆಕಾಲಿಕ ಸ್ಟ್ರೈಕರ್: ಇಂಗ್ಲೆಂಡಿನ ಕೆಳಲೀಗ್ ಫುಟ್‌ಬಾಲ್

ಅರೆಕಾಲಿಕ ಸ್ಟ್ರೈಕರ್ ಎಂದರೆ ಬೇರೊಂದು ಕಸುಬಿನಿಂದ ಜೀವನ ಸಾಗಿಸುತ್ತ, ಇಂಗ್ಲೆಂಡಿನ ಫುಟ್‌ಬಾಲ್ ಏಣಿಯ ಕೆಳ ಮೆಟ್ಟಿಲುಗಳಲ್ಲಿರುವ ಕ್ಲಬ್ಬೊಂದಕ್ಕೆ ವಾರಕ್ಕಿಷ್ಟು ಅಥವಾ ಪಂದ್ಯಕ್ಕಿಷ್ಟು ಎಂಬ ಹಣಕ್ಕೆ ಮುನ್ಪಡೆಯಲ್ಲಿ ಆಡುವವನು. ಗೋಲು ಹೊಡೆಯುವುದು ಅವನ ಮುಖ್ಯ ಹೊಣೆ. ಹಗಲು ಇಟ್ಟಿಗೆ ಕಟ್ಟುವವರು, ಬಡಗಿಗಳು, ಶಾಲಾ ಮಾಸ್ತರರು, ಕಾರ್ಖಾನೆ ಕಾರ್ಮಿಕರು ಈ ವರ್ಗದಲ್ಲಿ ಹಿಂದಿನಿಂದಲೂ ಇದ್ದಾರೆ. ಕೈಯಲ್ಲಿ ಹಣ ಕಡಿಮೆಯಿರುವ ಕ್ಲಬ್ಬು ಇದ್ದಷ್ಟರಲ್ಲಿ ಹೆಚ್ಚಿನ ಪಾಲನ್ನು ಗೋಲು ಹೊಡೆಯುವವನಿಗೇ ತೆಗೆದಿಡುವುದು ವಾಡಿಕೆಯಾದ್ದರಿಂದ, ಕೆಳಲೀಗಿನ ಆರ್ಥಿಕತೆಯನ್ನು ಅರಿಯಲು ಈ ಒಂದು ಸ್ಥಾನದ ಆಟಗಾರನನ್ನು ನೋಡಿದರೆ ಬಹುಪಾಲು ಸಾಕಾಗುತ್ತದೆ.

ಪದಬಳಕೆ

ಹಣ ಪಡೆಯದೆ ಆಡುವವನು ಹವ್ಯಾಸಿ. ಆಟವೊಂದನ್ನೇ ಉದ್ಯೋಗವಾಗಿಸಿಕೊಂಡವನು ಪೂರ್ಣಾವಧಿ ವೃತ್ತಿಪರ. ಇವರಿಬ್ಬರ ನಡುವಿನವನು ಅರೆಕಾಲಿಕ. ಇಂಗ್ಲೆಂಡಿನ ಮೈದಾನಗಳಲ್ಲಿ ಇವನನ್ನು 'ಸೆಮಿ-ಪ್ರೊ' ಎಂದೂ, ಇವನು ಆಡುವ ಲೋಕವನ್ನು 'ನಾನ್-ಲೀಗ್' ಎಂದೂ ಕರೆಯುತ್ತಾರೆ. ಎರಡನೆಯ ಹೆಸರು ದಾರಿ ತಪ್ಪಿಸುವಂಥದು. ಈ ಕ್ಲಬ್ಬುಗಳಿಗೆ ಲೀಗ್ ಇಲ್ಲವೆಂದಲ್ಲ, ನೂರಾರು ಕ್ಲಬ್ಬುಗಳ ದೊಡ್ಡ ಲೀಗ್ ವ್ಯವಸ್ಥೆಯೇ ಇದೆ. ಆದರೆ ಅವು 1888ರಲ್ಲಿ ಹುಟ್ಟಿದ 'ಫುಟ್‌ಬಾಲ್ ಲೀಗ್' ಎಂಬ ಸಂಸ್ಥೆಯ ಹೊರಗಿನವು ಎಂದಷ್ಟೇ ಅದರ ಅರ್ಥ. ಈ ಲೇಖನದಲ್ಲಿ 'ಕೆಳಲೀಗ್' ಎಂದರೆ ಐದನೆಯ ಹಂತ ಮತ್ತು ಅದಕ್ಕಿಂತ ಕೆಳಗಿನದು. 'ಸ್ಟ್ರೈಕರ್' ಎಂಬ ಮಾತು ಬಳಕೆಗೆ ಬರುವ ಮೊದಲು ಅದೇ ಸ್ಥಾನಕ್ಕೆ 'ಸೆಂಟರ್ ಫಾರ್ವರ್ಡ್' ಎನ್ನುತ್ತಿದ್ದರು. ಅವನ ಅಂಗಿಯ ಮೇಲಿನ ಅಂಕಿಯಿಂದ 'ನಂಬರ್ 9' ಎಂಬ ಹೆಸರೂ ಉಳಿದಿದೆ.

ಮೂಲ

ಆಟವನ್ನೂ ದುಡಿಮೆಯನ್ನೂ ಒಟ್ಟಿಗೆ ನಡೆಸುವುದು ಇಂಗ್ಲಿಷ್ ಫುಟ್‌ಬಾಲಿನಷ್ಟೇ ಹಳೆಯದು. 1863ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಫುಟ್‌ಬಾಲ್ ಅಸೋಸಿಯೇಷನ್ (ಎಫ್‌ಎ) ಮೊದಲಿಗೆ ಆಟಗಾರನಿಗೆ ಹಣ ಕೊಡುವುದನ್ನು ಒಪ್ಪಲಿಲ್ಲ. ಉತ್ತರದ ಜವಳಿ ಪಟ್ಟಣಗಳ ಕ್ಲಬ್ಬುಗಳು ಗುಟ್ಟಾಗಿ ಹಣ ಕೊಡುವುದು, ಆಟಗಾರನಿಗೆ ಊರಿನಲ್ಲಿ ನೆಪಕ್ಕೊಂದು ಕೆಲಸ ಹುಡುಕಿಕೊಡುವುದು ನಡೆದೇ ಇತ್ತು. ಕೊನೆಗೆ 1885ರ ಜುಲೈನಲ್ಲಿ ಎಫ್‌ಎ ವೃತ್ತಿಪರತೆಯನ್ನು ಕಾನೂನುಬದ್ಧಗೊಳಿಸಿತು. ಮೂರು ವರ್ಷದ ನಂತರ 12 ಕ್ಲಬ್ಬುಗಳು ಸೇರಿ ಫುಟ್‌ಬಾಲ್ ಲೀಗ್ ಕಟ್ಟಿದವು.

ವೃತ್ತಿಪರರು ಬಂದ ಮೇಲೂ ಹವ್ಯಾಸಿ ಸೆಂಟರ್ ಫಾರ್ವರ್ಡ್‌ಗಳು ರಾಷ್ಟ್ರೀಯ ತಂಡದಲ್ಲಿ ದೀರ್ಘಕಾಲ ಉಳಿದರು. ಕೊರಿಂಥಿಯನ್ ಕ್ಲಬ್ಬಿನ ಜಿ.ಒ. ಸ್ಮಿತ್ ಶಾಲಾ ಉಪಾಧ್ಯಾಯ. ಟಾಟನ್‌ಹ್ಯಾಮ್ ಮತ್ತು ಚೆಲ್ಸಿ ಪರ ಆಡಿದ ವಿವಿಯನ್ ವುಡ್‌ವರ್ಡ್ ವಾಸ್ತುಶಿಲ್ಪಿ. 1908 ಮತ್ತು 1912ರ ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದ ತಂಡಗಳ ನಾಯಕನೂ ಅವನೇ. ಇಂಗ್ಲೆಂಡ್ ಪರ 23 ಪೂರ್ಣ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಅವನು ಹೊಡೆದ 29 ಗೋಲುಗಳ ದಾಖಲೆ 1950ರ ದಶಕದ ಕೊನೆಯವರೆಗೂ ನಿಂತಿತ್ತು. ಅದನ್ನು ದಾಟಿದವರಲ್ಲಿ ಒಬ್ಬನಾದ ಪ್ರೆಸ್ಟನ್ನಿನ ಟಾಮ್ ಫಿನ್ನಿ ಪೂರ್ಣ ವೃತ್ತಿಪರನಾಗಿದ್ದೂ ಪ್ಲಂಬಿಂಗ್ ಕೆಲಸ ಬಿಟ್ಟವನಲ್ಲ. ಅದಕ್ಕೆ ಕಾರಣವೂ ಇತ್ತು. 1901ರಲ್ಲಿ ವಾರಕ್ಕೆ 4 ಪೌಂಡ್ ಎಂದು ಶುರುವಾದ ಗರಿಷ್ಠ ವೇತನದ ಮಿತಿ 1961ರಲ್ಲಿ ರದ್ದಾಗುವಾಗ ಬರೀ 20 ಪೌಂಡ್‌ಗೆ ಬಂದು ನಿಂತಿತ್ತು. ಮೇಲಿನ ಲೀಗ್ ಕೊಡುತ್ತಿದ್ದುದೇ ಅಷ್ಟಾದಾಗ, ಕೆಳಲೀಗಿನಲ್ಲಿ ಒಂದಿಷ್ಟು ಹಣವೂ ಜೊತೆಗೊಂದು ಕೆಲಸವೂ ಸಿಕ್ಕವನಿಗೆ ನಷ್ಟವೇನೂ ಇರಲಿಲ್ಲ. ಮಿತಿ ಹೋದ ಮೇಲೆ ಈ ಲೆಕ್ಕ ಒಮ್ಮೆಲೇ ತಲೆಕೆಳಗಾಯಿತು. ಫುಲ್ಹ್ಯಾಮಿನ ಜಾನಿ ಹೇನ್ಸ್‌ಗೆ ವಾರಕ್ಕೆ 100 ಪೌಂಡ್ ಸಿಕ್ಕಿತು. ಪೂರ್ಣಾವಧಿಯವನಿಗೂ ಅರೆಕಾಲಿಕನಿಗೂ ಇಂದಿರುವ ಅಗಾಧ ಅಂತರ ಶುರುವಾದದ್ದು ಅಲ್ಲಿಂದ.

ಹವ್ಯಾಸಿಗಳಿಗೆಂದೇ 1893–94ರಲ್ಲಿ ಆರಂಭವಾದ ಎಫ್‌ಎ ಅಮೆಚೂರ್ ಕಪ್‌ನ ಫೈನಲ್ 1950ರ ದಶಕದಲ್ಲಿ ವೆಂಬ್ಲಿಯಲ್ಲಿ 1,00,000 ಪ್ರೇಕ್ಷಕರನ್ನು ಸೆಳೆಯುತ್ತಿತ್ತು. ಆ ಕಪ್ಪನ್ನು ಹತ್ತು ಸಲ ಗೆದ್ದ ಬಿಷಪ್ ಆಕ್ಲೆಂಡ್ ತಂಡದ ಮೂವರು, 1958ರ ಮ್ಯೂನಿಕ್ ವಿಮಾನ ದುರಂತದ ನಂತರ ಮ್ಯಾಂಚೆಸ್ಟರ್ ಯುನೈಟೆಡ್‌ನ ನೆರವಿಗೆ ಹೋದರು. ಅವರಲ್ಲಿ ಒಬ್ಬ ವಾರೆನ್ ಬ್ರಾಡ್ಲಿ. ರೆಕ್ಕೆಯಲ್ಲಿ ಆಡುತ್ತಿದ್ದ ಈ ಶಾಲಾ ಮಾಸ್ತರ ಪಾಠ ಹೇಳುತ್ತಲೇ ಯುನೈಟೆಡ್ ಪರ ಅರೆಕಾಲಿಕನಾಗಿ ಆಡಿ, ಒಂದೇ ಋತುವಿನಲ್ಲಿ ಇಂಗ್ಲೆಂಡಿನ ಹವ್ಯಾಸಿ ತಂಡಕ್ಕೂ ಪೂರ್ಣ ತಂಡಕ್ಕೂ ಆಡಿದ. ಆದರೆ 'ಹವ್ಯಾಸಿ' ಎಂಬ ಹಣೆಪಟ್ಟಿ ಆ ಹೊತ್ತಿಗೆ ಬಹುಮಟ್ಟಿಗೆ ತೋರಿಕೆಯದಾಗಿತ್ತು. ಪಂದ್ಯ ಮುಗಿಸಿ ಬಂದವನ ಬೂಟಿನೊಳಗೆ ನೋಟು ಮಡಚಿಟ್ಟಿರುತ್ತಿತ್ತು. 'ಬೂಟ್ ಮನಿ' ಎಂಬ ಮಾತು ಹುಟ್ಟಿದ್ದೇ ಹಾಗೆ. 1974ರಲ್ಲಿ ಎಫ್‌ಎ ಹವ್ಯಾಸಿ–ವೃತ್ತಿಪರ ಎಂಬ ಭೇದವನ್ನೇ ತೆಗೆದುಹಾಕಿತು. ಅಮೆಚೂರ್ ಕಪ್ ಆ ವರ್ಷವೇ ಕೊನೆಗೊಂಡಿತು. ಕೆಳಲೀಗಿನ ಕ್ಲಬ್ಬುಗಳಿಗಾಗಿ 1969–70ರಲ್ಲಿ ಶುರುವಾಗಿದ್ದ ಎಫ್‌ಎ ಟ್ರೋಫಿ ಮತ್ತು ಅದಕ್ಕೂ ಕೆಳಗಿನವರಿಗಾಗಿ 1974–75ರಲ್ಲಿ ಬಂದ ಎಫ್‌ಎ ವೇಸ್ ಈಗಲೂ ನಡೆಯುತ್ತಿವೆ.

ಲೀಗ್ ಏಣಿಯ ರಚನೆ

ತುದಿಯಲ್ಲಿ 20 ಕ್ಲಬ್ಬುಗಳ ಪ್ರೀಮಿಯರ್ ಲೀಗ್ (1992ರಿಂದ). ಅದರ ಕೆಳಗೆ ಫುಟ್‌ಬಾಲ್ ಲೀಗಿನ ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟು ಎಂಬ ತಲಾ 24 ಕ್ಲಬ್ಬುಗಳ ಮೂರು ವಿಭಾಗ. ಈ 92 ಕ್ಲಬ್ಬುಗಳಲ್ಲಿ ಆಟವೇ ಉದ್ಯೋಗ. ಐದನೆಯ ಹಂತವಾದ ನ್ಯಾಷನಲ್ ಲೀಗಿನಿಂದ ಕೆಳಲೀಗ್ ಶುರು. ಇದನ್ನು 'ಸ್ಟೆಪ್ 1' ಎಂದು ಎಣಿಸುತ್ತಾರೆ. 1979ರಲ್ಲಿ ಅಲಯನ್ಸ್ ಪ್ರೀಮಿಯರ್ ಲೀಗ್ ಎಂದು ಹುಟ್ಟಿ, ಬಹುಕಾಲ ಕಾನ್ಫರೆನ್ಸ್ ಎಂದು ಕರೆಸಿಕೊಂಡು, 2015ರಲ್ಲಿ ಈಗಿನ ಹೆಸರು ಪಡೆಯಿತು. ಇದರ ಕ್ಲಬ್ಬುಗಳಲ್ಲಿ ಹೆಚ್ಚಿನವು ಈಗ ಪೂರ್ಣಾವಧಿಯವೇ. ಆರನೆಯ ಹಂತದ ನ್ಯಾಷನಲ್ ಲೀಗ್ ನಾರ್ತ್ ಮತ್ತು ಸೌತ್‌ಗಳಲ್ಲಿ ಎರಡೂ ಬಗೆಯವು ಬೆರೆತಿವೆ. ಅರೆಕಾಲಿಕ ಸ್ಟ್ರೈಕರನ ನಿಜವಾದ ನೆಲೆ ಅದಕ್ಕೂ ಕೆಳಗಿನದು: ನಾರ್ದರ್ನ್ ಪ್ರೀಮಿಯರ್ (1968), ಸದರ್ನ್ (1894), ಇಸ್ತ್‌ಮಿಯನ್ (1905) ಲೀಗುಗಳ ಏಳು ಮತ್ತು ಎಂಟನೆಯ ಹಂತಗಳು, ಮತ್ತೆ ಪ್ರಾಂತೀಯ, ಜಿಲ್ಲಾ ಮಟ್ಟದ ಲೀಗುಗಳು.

ಮೇಲಿನ 92ಕ್ಕೂ ಕೆಳಗಿನವರಿಗೂ ನಡುವೆ ಬಹುಕಾಲ ಮುಚ್ಚಿದ ಬಾಗಿಲಿತ್ತು. ಕೊನೆಯ ಸ್ಥಾನದ ಕ್ಲಬ್ಬುಗಳು ಮರುಚುನಾವಣೆಗೆ ಅರ್ಜಿ ಹಾಕುತ್ತಿದ್ದವು, ಸಹ ಕ್ಲಬ್ಬುಗಳು ಮತ ಹಾಕಿ ಹೆಚ್ಚಾಗಿ ಅವರನ್ನೇ ಉಳಿಸಿಕೊಳ್ಳುತ್ತಿದ್ದವು. ಸ್ಟ್ರೈಕರ್ ಎಷ್ಟು ಗೋಲು ಹೊಡೆದರೂ ತಂಡ ಮೇಲೇರುವ ಖಾತ್ರಿ ಇರಲಿಲ್ಲ. 1987ರಲ್ಲಿ ಸ್ಕಾರ್ಬರೊ ನೇರ ಬಡ್ತಿ ಪಡೆದ ಮೊದಲ ಕ್ಲಬ್ಬಾಯಿತು, ಲಿಂಕನ್ ಸಿಟಿ ಹಿಂಬಡ್ತಿ ಹೊಂದಿದ ಮೊದಲನೆಯದು. ಆ ಮೇಲೂ ತೊಡಕು ತಪ್ಪಲಿಲ್ಲ: 1994ರಲ್ಲಿ ಕಿಡರ್‌ಮಿನ್‌ಸ್ಟರ್, 1995ರಲ್ಲಿ ಮ್ಯಾಕ್ಲ್ಸ್‌ಫೀಲ್ಡ್, 1996ರಲ್ಲಿ ಸ್ಟೀವನೇಜ್ ಪ್ರಶಸ್ತಿ ಗೆದ್ದರೂ ಮೈದಾನ ನಿಯಮಕ್ಕೆ ತಕ್ಕಂತಿಲ್ಲ ಎಂಬ ಕಾರಣಕ್ಕೆ ಅಲ್ಲೇ ಉಳಿದವು. 2003ರಿಂದ ಪ್ರತಿವರ್ಷ ಎರಡು ಕ್ಲಬ್ಬುಗಳಿಗೆ ಬಡ್ತಿಯಿದೆ.

ನೋಂದಣಿ ಮತ್ತು ಸಂಭಾವನೆ

ಕೆಳಲೀಗಿನ ಆಟಗಾರ ಎರಡು ರೀತಿಯಲ್ಲಿ ನೋಂದಾಯಿತನಾಗುತ್ತಾನೆ. ಒಪ್ಪಂದವಿರುವವನಿಗೆ ನಿಗದಿತ ಅವಧಿಯುಂಟು. ಬೇರೆ ಕ್ಲಬ್ಬಿಗೆ ಅವನು ಬೇಕಾದರೆ ವರ್ಗಾವಣೆ ಶುಲ್ಕ ಕೊಡಬೇಕು. ಒಪ್ಪಂದವಿಲ್ಲದವನನ್ನು ಇನ್ನೊಂದು ಕ್ಲಬ್ಬು ಅವನ ಈಗಿನ ಕ್ಲಬ್ಬಿಗೆ ಏಳು ದಿನದ ಲಿಖಿತ ಸೂಚನೆ ಕೊಟ್ಟು ಮಾತಿಗೆ ಕರೆಯಬಹುದು. ಇದಕ್ಕೆ ಮೈದಾನದ ಭಾಷೆಯಲ್ಲಿ 'ಸೆವೆನ್ ಡೇಸ್' ಎಂದೇ ಹೆಸರು. ಅಕ್ಟೋಬರಿನೊಳಗೆ ಹತ್ತು ಗೋಲು ಹೊಡೆದ ಸ್ಟ್ರೈಕರ್ ಇದ್ದಾನೆ ಎಂದರೆ ಕ್ಲಬ್ಬಿನ ಕಾರ್ಯದರ್ಶಿ ಇಂಥ ಸೂಚನೆಗಳನ್ನು ನಿರೀಕ್ಷಿಸಿಯೇ ಇರುತ್ತಾನೆ. ಅವನನ್ನು ಒಪ್ಪಂದಕ್ಕೆ ಕಟ್ಟಿಹಾಕಿದರೆ ಗಾಯಗೊಂಡಾಗಲೂ ಸಂಬಳ ಕೊಡಬೇಕು; ಕಟ್ಟಿಹಾಕದಿದ್ದರೆ ಒಂದು ಪೈಸೆ ಬಾರದೆ ಕೈತಪ್ಪುತ್ತಾನೆ. ಸಣ್ಣ ಕ್ಲಬ್ಬುಗಳ ಆಡಳಿತದಲ್ಲಿ ಮತ್ತೆಮತ್ತೆ ಎದುರಾಗುವ ಇಕ್ಕಟ್ಟು ಇದು.

ಸಂಭಾವನೆ ಹಂತದಿಂದ ಹಂತಕ್ಕೆ, ಒಂದೇ ತಂಡದೊಳಗೂ ಬದಲಾಗುತ್ತದೆ. 1980ರ ದಶಕದಲ್ಲಿ ಗ್ರೀನಿಚ್ ಬರೊ ಕ್ಲಬ್ಬು, ಮುಂದೆ ಆರ್ಸೆನಲ್ ಸೇರಿದ ಇಯಾನ್ ರೈಟ್‌ಗೆ ಕೊಡುತ್ತಿದ್ದುದು ವಾರಕ್ಕೆ 30 ಪೌಂಡ್. ಎರಡು ದಶಕದ ನಂತರ ಸ್ಟಾಕ್ಸ್‌ಬ್ರಿಜ್ ಪಾರ್ಕ್ ಸ್ಟೀಲ್ಸ್ ಕ್ಲಬ್ಬು, ಮುಂದೆ ಲೆಸ್ಟರ್ ಸಿಟಿ ಸೇರಿದ ಜೇಮಿ ವಾರ್ಡಿಗೆ ಕೊಟ್ಟದ್ದೂ ಅಷ್ಟೇ 30 ಪೌಂಡ್. ಇದರ ಜೊತೆಗೆ ಪ್ರಯಾಣ ಭತ್ಯೆ, ಗೆಲುವಿನ ಬೋನಸ್, ಕೆಲವೆಡೆ ಗೋಲಿಗಿಷ್ಟು ಎಂಬ ಏರ್ಪಾಡು ಇರುತ್ತದೆ. ಗಾಯವಾದಾಗ ಪೆಟ್ಟು ಎರಡು ಕಡೆಯಿಂದ. ಮೊಣಕಾಲು ತಿರುಚಿಕೊಂಡ ಗಾರೆ ಕೆಲಸದವನು ಶನಿವಾರದ ಹಣವನ್ನು ಮಾತ್ರವಲ್ಲ, ಸೋಮವಾರದ ಕೂಲಿಯನ್ನೂ ಕಳೆದುಕೊಳ್ಳುತ್ತಾನೆ.

ವಾರದ ಕ್ರಮ

ಅಭ್ಯಾಸ ಸಾಮಾನ್ಯವಾಗಿ ಮಂಗಳವಾರ ಮತ್ತು ಗುರುವಾರ ಸಂಜೆ. ಪಂದ್ಯ ಶನಿವಾರ ಮಧ್ಯಾಹ್ನ 3 ಗಂಟೆಗೆ. ವಾರದ ನಡುವೆ ಪಂದ್ಯ ಬಿದ್ದರೆ ಅದು ರಾತ್ರಿ 7.45ರ ಸುಮಾರಿಗೆ, ದೀಪಗಳ ಕೆಳಗೆ. ಪರವೂರಿನ ಮಂಗಳವಾರದ ಪಂದ್ಯವೇ ಈ ಬದುಕಿನ ಕಠಿಣ ದಿನ. ನಾಲ್ಕಕ್ಕೆ ಕೆಲಸ ಮುಗಿಸಿ, ಹೆದ್ದಾರಿಯ ದಟ್ಟಣೆಯಲ್ಲಿ ಸಿಕ್ಕಿಕೊಂಡು, ಕಾರಿನಲ್ಲೇ ಏನಾದರೂ ತಿಂದು, ಪಂದ್ಯಕ್ಕೆ ಮುಕ್ಕಾಲು ಗಂಟೆ ಇರುವಾಗ ಬಟ್ಟೆ ಬದಲಿಸುವ ಕೋಣೆ ಸೇರಿ, ತೊಂಬತ್ತು ನಿಮಿಷ ಆಡಿ, ಮಧ್ಯರಾತ್ರಿ ಮನೆ ಮುಟ್ಟಿ, ಬೆಳಗ್ಗೆ ಮತ್ತೆ ಕೆಲಸ. ಮೇಲಿನ ಲೀಗಿನವನಿಗೆ ಪಂದ್ಯದ ಮರುದಿನ ವಿಶ್ರಾಂತಿ. ಇವನಿಗೆ ಮರುದಿನ ಏಣಿ, ಇಟ್ಟಿಗೆ, ಲಾರಿ.

ಹವಾಮಾನವೂ ಲೆಕ್ಕಕ್ಕೆ ಬರುತ್ತದೆ. ಜನವರಿ, ಫೆಬ್ರುವರಿಯಲ್ಲಿ ಮೈದಾನಗಳು ನೀರು ನಿಂತೋ ಹೆಪ್ಪುಗಟ್ಟಿಯೋ ಪಂದ್ಯಗಳು ಮುಂದಕ್ಕೆ ಹೋಗುತ್ತವೆ. ಬಾಕಿಯೆಲ್ಲ ಏಪ್ರಿಲಿನಲ್ಲಿ ಒಟ್ಟಾಗಿ ಬಂದು ವಾರಕ್ಕೆ ಮೂರು ಪಂದ್ಯ ಆಡಬೇಕಾಗುತ್ತದೆ. ಬಡ್ತಿ, ಹಿಂಬಡ್ತಿ ತೀರ್ಮಾನವಾಗುವುದೂ ಆಗಲೇ. ಈ ಕಾರಣಕ್ಕೂ, ವಾರವಿಡೀ ಬಾಡಿಗೆಗೆ ಕೊಟ್ಟು ಹಣ ಮಾಡಬಹುದೆಂಬ ಕಾರಣಕ್ಕೂ ಹಲವು ಕ್ಲಬ್ಬುಗಳು '3ಜಿ' ಎಂಬ ಕೃತಕ ಹುಲ್ಲು ಹಾಸಿಕೊಂಡಿವೆ. 2014–15ರಿಂದ ಎಫ್‌ಎ ಕಪ್‌ನಲ್ಲೂ ಅದಕ್ಕೆ ಅನುಮತಿಯಿದೆ. ಫುಟ್‌ಬಾಲ್ ಲೀಗ್ ಮಾತ್ರ ಒಪ್ಪುವುದಿಲ್ಲ: 2021ರಲ್ಲಿ ಬಡ್ತಿ ಪಡೆದ ಸಟನ್ ಯುನೈಟೆಡ್ ತನ್ನ ಕೃತಕ ಹುಲ್ಲನ್ನು ಕಿತ್ತು ಸಹಜ ಹುಲ್ಲಿನ ಮೈದಾನ ಮಾಡಬೇಕಾಯಿತು.

ಬಗೆಗಳು

ಆಟದ ರೀತಿಯಿಂದ ಮೂರು ಬಗೆ ಎನ್ನಬಹುದು. ಎತ್ತರದ, ಗಟ್ಟಿ ಮೈಕಟ್ಟಿನ, ಉದ್ದದ ಚೆಂಡನ್ನು ಎದೆಯಲ್ಲೋ ತಲೆಯಲ್ಲೋ ತಡೆದು ಜೊತೆಯವನಿಗೆ ಕೊಡುವವನು 'ಟಾರ್ಗೆಟ್ ಮ್ಯಾನ್'. ಪೆನಾಲ್ಟಿ ಪ್ರದೇಶ ಬಿಟ್ಟು ಕದಲದೆ ಅರ್ಧ ಅವಕಾಶವನ್ನೂ ಗೋಲಾಗಿಸುವವನು 'ಪೋಚರ್'. ರಕ್ಷಕರ ಬೆನ್ನ ಹಿಂದಿನ ಜಾಗಕ್ಕೆ ಓಡುವ ವೇಗಿ ಮೂರನೆಯವನು. ಕೆಸರು ಮೈದಾನ ಮೊದಲನೆಯವನಿಗೆ ಒಗ್ಗುತ್ತದೆ, ಕೃತಕ ಹುಲ್ಲು ಮೂರನೆಯವನಿಗೆ.

ಬಂದ ದಾರಿಯಿಂದ ಮಾಡುವ ವಿಂಗಡಣೆ ಇದಕ್ಕಿಂತ ಹೆಚ್ಚು ತಿಳಿಸುತ್ತದೆ. ದೊಡ್ಡ ಕ್ಲಬ್ಬಿನ ಅಕಾಡೆಮಿ 16 ಅಥವಾ 18ರ ವಯಸ್ಸಿನಲ್ಲಿ ಹೊರಕಳಿಸಿದ ಹುಡುಗರದು ದೊಡ್ಡ ಗುಂಪು. ಅಕಾಡೆಮಿಯ ಮುಖವನ್ನೇ ಕಾಣದೆ ಭಾನುವಾರದ ಉದ್ಯಾನ ಲೀಗುಗಳಿಂದ ಬಂದವರು ಕೆಲವರು. ಮೇಲಿನ ಕ್ಲಬ್ಬು ಅನುಭವಕ್ಕೆಂದು ಎರವಲು ಕಳಿಸಿದ ಕಿರಿಯರು ಇನ್ನು ಕೆಲವರು. ಇಂಗ್ಲೆಂಡ್ ಆಟಗಾರ ಆಲಿ ವಾಟ್ಕಿನ್ಸ್ 2014–15ರಲ್ಲಿ ಎಕ್ಸೆಟರ್ ಸಿಟಿಯಿಂದ ವೆಸ್ಟನ್-ಸೂಪರ್-ಮೇರ್‌ಗೆ ಹೋಗಿದ್ದು ಹೀಗೆ. ಕೊನೆಯ ಗುಂಪು, ಮೂವತ್ತು ದಾಟಿದ ಮೇಲೆ ಮೇಲಿನಿಂದ ಒಂದೊಂದೇ ಮೆಟ್ಟಿಲು ಇಳಿದು ಬರುವ ಹಳಬರದು. ಇವರು ಪ್ಲಂಬಿಂಗ್, ತರಬೇತಿ, ಮಕ್ಕಳ ಫುಟ್‌ಬಾಲ್ ಶಾಲೆ ಎಂದು ಮುಂದಿನ ಜೀವನಕ್ಕೆ ದಾರಿ ಮಾಡಿಕೊಳ್ಳುತ್ತಲೇ ಗೋಲು ಹೊಡೆಯುತ್ತಾರೆ.

ಮೇಲೇರಿದವರು

ಅರೆಕಾಲಿಕರಲ್ಲಿ ಬಹುಪಾಲು ಜನ ಇದ್ದ ಹಂತದ ಆಸುಪಾಸಿನಲ್ಲೇ ವೃತ್ತಿ ಮುಗಿಸುತ್ತಾರೆ. ಮೇಲೇರಿದವರು ವಿರಳ, ಆದರೆ ಅವರ ದಾಖಲೆ ದೊಡ್ಡದು.

ಇಯಾನ್ ರೈಟ್ ಗಾರೆ ಕೆಲಸ ಮಾಡುತ್ತಿದ್ದವನು. 1985ರಲ್ಲಿ ಕ್ರಿಸ್ಟಲ್ ಪ್ಯಾಲೆಸ್ ಸೇರುವಾಗ ಅವನಿಗೆ 22 ತುಂಬುತ್ತ ಬಂದಿತ್ತು, ಆ ಕಾಲಕ್ಕೆ ಅದು ತಡವಾದ ಪ್ರವೇಶ. 1991ರಲ್ಲಿ 25 ಲಕ್ಷ ಪೌಂಡ್‌ಗೆ ಆರ್ಸೆನಲ್‌ಗೆ ಹೋಗಿ ಅಲ್ಲಿ ಹೊಡೆದ 185 ಗೋಲುಗಳು, ಥಿಯರಿ ಆನ್ರಿ ದಾಟುವವರೆಗೆ ಕ್ಲಬ್ಬಿನ ದಾಖಲೆಯಾಗಿದ್ದವು. 1987ರಲ್ಲಿ ಹೇಯ್ಸ್‌ನಿಂದ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಸೇರಿದ ಲೆಸ್ ಫರ್ಡಿನಂಡ್ ಇಂಗ್ಲೆಂಡ್ ಪರ 17 ಪಂದ್ಯ ಆಡಿದ. ಪೂಲ್ ಟೌನಿನಲ್ಲಿ ಆಡುತ್ತ ಇಟ್ಟಿಗೆ ಕಟ್ಟುತ್ತಿದ್ದ ಚಾರ್ಲಿ ಆಸ್ಟಿನ್ 2009ರಲ್ಲಿ ಸ್ವಿಂಡನ್ ಸೇರಿ, 2014–15ರ ಪ್ರೀಮಿಯರ್ ಲೀಗಿನಲ್ಲಿ 18 ಗೋಲು ಹೊಡೆದ.

ಇವರೆಲ್ಲರಿಗಿಂತ ವಿವರವಾಗಿ ನೋಡಬೇಕಾದದ್ದು ಜೇಮಿ ವಾರ್ಡಿಯ ದಾರಿ. 16ರಲ್ಲಿ ಷೆಫೀಲ್ಡ್ ವೆಡ್ನೆಸ್‌ಡೇ ಅವನನ್ನು ಬಿಟ್ಟಿತು. ಸ್ಟಾಕ್ಸ್‌ಬ್ರಿಜ್‌ನಲ್ಲಿ ಆಡುವಾಗ ಅವನ ಹಗಲಿನ ಕೆಲಸ ವೈದ್ಯಕೀಯ ಪಟ್ಟಿಕೋಲು ತಯಾರಿಸುವ ಕಾರ್ಖಾನೆಯಲ್ಲಿ. ಹಲ್ಲೆ ಪ್ರಕರಣವೊಂದರಲ್ಲಿ ಶಿಕ್ಷೆಯಾಗಿ ಕಾಲಿಗೆ ಎಲೆಕ್ಟ್ರಾನಿಕ್ ಪಟ್ಟಿ ಕಟ್ಟಿದ್ದರು. ಸಂಜೆ 6ರೊಳಗೆ ಮನೆಯಲ್ಲಿರಬೇಕಿತ್ತು. ದೂರದ ಊರಿನ ಪಂದ್ಯಗಳಲ್ಲಿ ಒಂದು ಗಂಟೆ ಆಡಿ, ತಂಡ ಮುಂದಿದ್ದರೆ ಅಲ್ಲಿಗೇ ಬಿಟ್ಟು, ಬೇಲಿ ಹಾರಿ, ಹೊರಗೆ ಕಾಯುತ್ತಿದ್ದ ತಂದೆತಾಯಿಯ ಕಾರು ಹತ್ತುತ್ತಿದ್ದ. 2010ರಲ್ಲಿ 15,000 ಪೌಂಡ್‌ಗೆ ಹ್ಯಾಲಿಫ್ಯಾಕ್ಸ್, 2011ರಲ್ಲಿ ಫ್ಲೀಟ್‌ವುಡ್. ಕಾರ್ಖಾನೆ ಬಿಟ್ಟು ಆಟವನ್ನೇ ನಂಬಿದ ಮೇಲೆ ಬಂದ ಫ್ಲೀಟ್‌ವುಡ್ ಋತುವಿನಲ್ಲಿ ಅವನು 36 ಲೀಗ್ ಪಂದ್ಯಗಳಲ್ಲಿ 31 ಗೋಲು ಹೊಡೆದ, ಕ್ಲಬ್ಬು ಫುಟ್‌ಬಾಲ್ ಲೀಗಿಗೆ ಏರಿತು. 2012ರ ಮೇನಲ್ಲಿ ಲೆಸ್ಟರ್ ಸಿಟಿ 10 ಲಕ್ಷ ಪೌಂಡ್ ಕೊಟ್ಟಿತು. ಕೆಳಲೀಗಿನ ಆಟಗಾರನಿಗೆ ಅದು ಅಂದಿನ ದಾಖಲೆ. ಮೊದಲ ಋತುವಿನಲ್ಲಿ ಹೆಚ್ಚು ಗೋಲು ಬರದೆ ಆಟ ಬಿಡುವ ಯೋಚನೆ ಮಾಡಿದ್ದ. 2015–16ರಲ್ಲಿ ಸತತ 11 ಲೀಗ್ ಪಂದ್ಯಗಳಲ್ಲಿ ಗೋಲು ಹೊಡೆದು ರೂಡ್ ವಾನ್ ನಿಸ್ಟಲ್‌ರಾಯ್‌ನ ದಾಖಲೆ ಮುರಿದ, ಲೆಸ್ಟರ್ ಪ್ರೀಮಿಯರ್ ಲೀಗ್ ಗೆದ್ದಿತು. 2019–20ರಲ್ಲಿ 23 ಗೋಲಿನೊಂದಿಗೆ ಲೀಗಿನ ಅತಿ ಹೆಚ್ಚು ಗೋಲಿನ ಪ್ರಶಸ್ತಿ ಪಡೆದ. 2025ರಲ್ಲಿ ಲೆಸ್ಟರ್ ಬಿಡುವಾಗ ಲೆಕ್ಕ ಸರಿಯಾಗಿ 500 ಪಂದ್ಯ, 200 ಗೋಲು.

ಏರುವ ದಾರಿಯ ಜೊತೆಗೆ ಪಕ್ಕಕ್ಕೆ ಹೋಗುವ ದಾರಿಯೂ ಇದೆ. ಕೆಳಲೀಗಿನಲ್ಲಿ ಆಡಿದವರು ಸ್ವೀಡನ್, ಆಸ್ಟ್ರೇಲಿಯ, ಭಾರತಗಳ ಲೀಗುಗಳಿಗೆ ಹೋದದ್ದುಂಟು. ಬೆಂಗಳೂರು ಎಫ್‌ಸಿ 2013–14ರಲ್ಲಿ ತನ್ನ ಮೊದಲ ಯತ್ನದಲ್ಲೇ ಐ-ಲೀಗ್ ಗೆದ್ದಾಗ ತಂಡದಲ್ಲಿದ್ದ ಕರ್ಟಿಸ್ ಒಸಾನೊ, ಕಾನ್ಫರೆನ್ಸಿನಲ್ಲಿ ಲೂಟನ್ ಟೌನ್ ಪರ ಆಡಿದ್ದವನು. ಸ್ಟ್ರೈಕರ್ ಅಲ್ಲ, ರಕ್ಷಕ.

ಎಫ್‌ಎ ಕಪ್

1871–72ರಲ್ಲಿ ಆರಂಭವಾದ ಎಫ್‌ಎ ಕಪ್, ಅರೆಕಾಲಿಕ ಆಟಗಾರನ ಹೆಸರನ್ನು ದೇಶಕ್ಕೆ ಪರಿಚಯಿಸುವ ಬಹುಮಟ್ಟಿಗೆ ಏಕೈಕ ವೇದಿಕೆ. ಕೆಳಗಿನ ಕ್ಲಬ್ಬುಗಳು ಆಗಸ್ಟ್‌ನಿಂದಲೇ ಅರ್ಹತಾ ಸುತ್ತುಗಳನ್ನು ಆಡುತ್ತ ಬರುತ್ತವೆ. ಮೇಲಿನ ಎರಡು ಹಂತದವರು ಜನವರಿಯ ಮೂರನೇ ಸುತ್ತಿನಲ್ಲಿ ಸೇರಿಕೊಳ್ಳುತ್ತಾರೆ.

1972ರ ಫೆಬ್ರುವರಿ 5ರಂದು ಸದರ್ನ್ ಲೀಗಿನ ಹಿಯರ್‌ಫೋರ್ಡ್ ಯುನೈಟೆಡ್, ಅಂದಿನ ಅತ್ಯುನ್ನತ ಹಂತವಾಗಿದ್ದ ಪ್ರಥಮ ವಿಭಾಗದ ನ್ಯೂಕ್ಯಾಸಲ್ ಯುನೈಟೆಡನ್ನು 2–1ರಿಂದ ಸೋಲಿಸಿತು. ಎಡ್ಗರ್ ಸ್ಟ್ರೀಟ್ ಮೈದಾನ ಕೆಸರುಗದ್ದೆಯಾಗಿತ್ತು. ಮಾಲ್ಕಮ್ ಮೆಕ್‌ಡೊನಾಲ್ಡ್ ತಲೆಯಿಂದ ಹೊಡೆದ ಗೋಲಿನಿಂದ ನ್ಯೂಕ್ಯಾಸಲ್ ಮುಂದಿತ್ತು, ಆಟ ಮುಗಿಯಲು ಕೆಲವೇ ನಿಮಿಷ. ಬಡಗಿ ಕೆಲಸದ ರಾನಿ ರಾಡ್‌ಫರ್ಡ್ ಮಧ್ಯಮೈದಾನದಲ್ಲಿ ಚೆಂಡು ಗೆದ್ದು, ಜೊತೆಯವನಿಗೆ ಕೊಟ್ಟು, ಹಿಂದಕ್ಕೆ ಪಡೆದು, ಸುಮಾರು 30 ಗಜದಿಂದ ಬೀಸಿ ಒದ್ದ. ಚೆಂಡು ಗೋಲಿನ ಮೇಲ್ಮೂಲೆಗೆ ಹೋಯಿತು. ಹುಡುಗರು ಬೇಲಿ ದಾಟಿ ಕೆಸರಿಗೆ ನುಗ್ಗಿದರು. ಬದಲಿ ಆಟಗಾರನಾಗಿ ಬಂದ ರಿಕಿ ಜಾರ್ಜ್ ಹೆಚ್ಚುವರಿ ಅವಧಿಯಲ್ಲಿ ಗೆಲುವಿನ ಗೋಲು ಹೊಡೆದ. ಅದೇ ವರ್ಷ ಹಿಯರ್‌ಫೋರ್ಡ್ ಫುಟ್‌ಬಾಲ್ ಲೀಗಿಗೆ ಆಯ್ಕೆಯಾಯಿತು.

1989ರ ಜನವರಿ 7ರಂದು ಸಟನ್ ಯುನೈಟೆಡ್, ಎರಡು ವರ್ಷದ ಹಿಂದಷ್ಟೇ ಕಪ್ ಗೆದ್ದಿದ್ದ ಕವೆಂಟ್ರಿಯನ್ನು 2–1ರಿಂದ ಸೋಲಿಸಿತು. ಎರಡನೆಯ ಗೋಲು ಇಟ್ಟಿಗೆ ಕಟ್ಟುವ ಮ್ಯಾಥ್ಯೂ ಹ್ಯಾನ್‌ಲನ್‌ನದು. ಮುಂದಿನ ಸುತ್ತಿನಲ್ಲಿ ಸಟನ್ ನಾರ್ವಿಚ್‌ಗೆ 8–0ಯಿಂದ ಸೋತಿತು. 2021ರ ಜನವರಿಯಲ್ಲಿ ಎಂಟನೆಯ ಹಂತದ ಮರೀನ್, ಟಾಟನ್‌ಹ್ಯಾಮ್ ವಿರುದ್ಧ ಆಡಿ 5–0ಯಿಂದ ಸೋತಾಗ ಇಬ್ಬರ ನಡುವೆ 161 ಸ್ಥಾನಗಳ ಅಂತರವಿತ್ತು. ಕಪ್ಪಿನ ಇತಿಹಾಸದಲ್ಲೇ ಅದು ಅತಿ ದೊಡ್ಡದು. 2024ರಲ್ಲಿ ಆರನೆಯ ಹಂತದ ಮೇಡ್‌ಸ್ಟನ್ ಯುನೈಟೆಡ್ ಇಪ್ಸ್‌ವಿಚ್ ಟೌನ್ ಅನ್ನು ಅದರ ಮೈದಾನದಲ್ಲೇ 2–1ರಿಂದ ಸೋಲಿಸಿತು.

ಇಂದಿನ ಸ್ಥಿತಿ

ಐದನೆಯ ಹಂತ ಪೂರ್ಣಾವಧಿಯತ್ತ ವಾಲಿದಷ್ಟೂ ಅರೆಕಾಲಿಕ ಸ್ಟ್ರೈಕರ್ ಒಂದೊಂದೇ ಮೆಟ್ಟಿಲು ಕೆಳಗೆ ಸರಿಯುತ್ತಿದ್ದಾನೆ. ಒಳ್ಳೆಯ ಸಂಬಳದ ಕೆಲಸವಿರುವವನು ಬಡ್ತಿ ಪಡೆದ ತಂಡದೊಂದಿಗೆ ಮೇಲೆ ಹೋಗದೆ ಕೆಳಗೇ ಉಳಿಯುವುದೂ ಉಂಟು. ಹಗಲಿನ ಅಭ್ಯಾಸಕ್ಕೆ ಬರಬೇಕೆಂದರೆ ಕೆಲಸ ಬಿಡಬೇಕು, ಒಂದು ವರ್ಷದ ಒಪ್ಪಂದಕ್ಕಾಗಿ ಇಪ್ಪತ್ತು ವರ್ಷದ ಕಸುಬನ್ನು ಬಿಡುವುದು ಎಲ್ಲರಿಗೂ ಸಾಧ್ಯವಿಲ್ಲ. ಕ್ಲಬ್ಬುಗಳ ಅಸ್ಥಿರತೆ ಇನ್ನೊಂದು ಕಾರಣ: ಹಿಯರ್‌ಫೋರ್ಡ್ ಯುನೈಟೆಡ್ 2014ರಲ್ಲಿ, ಮ್ಯಾಕ್ಲ್ಸ್‌ಫೀಲ್ಡ್ ಟೌನ್ 2020ರಲ್ಲಿ ಸಾಲದಿಂದ ಮುಚ್ಚಿದವು, ಎರಡೂ ಊರುಗಳಲ್ಲಿ ಹೊಸ ಕ್ಲಬ್ಬು ಕೆಳಗಿನ ಹಂತದಿಂದ ಮತ್ತೆ ಶುರುಮಾಡಿತು. ಕೋವಿಡ್ ಕಾಲದಲ್ಲಿ, 2019–20ರ ಸ್ಟೆಪ್ 3ರಿಂದ ಕೆಳಗಿನ ಫಲಿತಾಂಶಗಳನ್ನು ಎಫ್‌ಎ ಪೂರ್ತಿ ಅಳಿಸಿಹಾಕಿತು.

ಸ್ಟೆಪ್ 5 ಮತ್ತು ಅದರ ಕೆಳಗೆ 2019–20ರಿಂದ, ರೆಫರಿಯೊಡನೆ ವಾದಕ್ಕಿಳಿದವನನ್ನು ಹತ್ತು ನಿಮಿಷ ಹೊರಗೆ ಕೂರಿಸುವ 'ಸಿನ್ ಬಿನ್' ನಿಯಮವಿದೆ. ಆಫ್‌ಸೈಡ್ ಬಾವುಟಕ್ಕೆ ಸಿಡುಕುವ ಸ್ಟ್ರೈಕರ್‌ಗಳು ಅದಕ್ಕೆ ಸುಲಭವಾಗಿ ಸಿಕ್ಕಿಬೀಳುತ್ತಾರೆ. ಕೆಳಲೀಗಿನಲ್ಲಿ ಕಳೆದುಹೋದ ಪ್ರತಿಭೆಗೆ ಎರಡನೆಯ ಅವಕಾಶ ಕೊಡಲೆಂದು ವಾರ್ಡಿ 'ವಿ9' ಎಂಬ ಅಕಾಡೆಮಿ ಆರಂಭಿಸಿದ. ಪ್ರೀಮಿಯರ್ ಲೀಗ್ ಬಿಡುವಿರುವ ಒಂದು ಶನಿವಾರ ಪ್ರೇಕ್ಷಕರನ್ನು ಊರಿನ ಸಣ್ಣ ಕ್ಲಬ್ಬಿನತ್ತ ಕರೆಯುವ 'ನಾನ್-ಲೀಗ್ ಡೇ' 2010ರಿಂದ ನಡೆಯುತ್ತಿದೆ. ಎರಡರ ಬದಲು ಮೂರು ಕ್ಲಬ್ಬುಗಳಿಗೆ ಬಡ್ತಿ ಬೇಕೆಂಬ ಬೇಡಿಕೆಯನ್ನು ನ್ಯಾಷನಲ್ ಲೀಗಿನ ಕ್ಲಬ್ಬುಗಳು 2025ರಲ್ಲಿ ಒಟ್ಟಾಗಿ ಮುಂದಿಟ್ಟವು.

ಎಫ್‌ಎ ಕಪ್‌ನ ಮೊದಲ ಸುತ್ತಿನಿಂದ ಮುಂದಕ್ಕೆ ಮರುಪಂದ್ಯಗಳನ್ನು 2024–25ರಿಂದ ಕೈಬಿಡಲಾಗಿದೆ. ಸಮವಾದರೆ ಹೆಚ್ಚುವರಿ ಅವಧಿ, ಆಮೇಲೆ ಪೆನಾಲ್ಟಿ. ದೊಡ್ಡ ಕ್ಲಬ್ಬಿನ ಮೈದಾನದಲ್ಲಿ ಸಮ ಮಾಡಿಕೊಂಡು ಅವರನ್ನು ತಮ್ಮೂರಿಗೆ ಕರೆತರುವ ಅವಕಾಶ ಸಣ್ಣ ಕ್ಲಬ್ಬುಗಳಿಗೆ ಇದರಿಂದ ಇಲ್ಲವಾಯಿತು. 1972ರಲ್ಲಿ ಹಿಯರ್‌ಫೋರ್ಡ್ ಎಡ್ಗರ್ ಸ್ಟ್ರೀಟಿನಲ್ಲಿ ಗೆದ್ದದ್ದು, ನ್ಯೂಕ್ಯಾಸಲ್‌ನಲ್ಲಿ 2–2 ಸಮ ಮಾಡಿಕೊಂಡು ಗಿಟ್ಟಿಸಿದ ಮರುಪಂದ್ಯವನ್ನು.